ಸಾರ್ವಜನಿಕ ದೋಣಿವಿಹಾರ ಕೇಂದ್ರ: ಸ್ಥಾಪನೆ ಮತ್ತು ಬಳಕೆಯ ಕೈಪಿಡಿ

ನಿಮ್ಮ ಊರಿಗೆ ಸರ್ಕಾರಿ ದೋಣಿವಿಹಾರ ಕೇಂದ್ರ ಮಂಜೂರಾಗಿರುವುದಕ್ಕೆ ಅಭಿನಂದನೆಗಳು. ನೀರಿಗಿಳಿಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಅಷ್ಟು ಪುರುಸೊತ್ತಿಲ್ಲದಿದ್ದರೆ ಉದ್ಘಾಟನೆಯ ದಿನಾಂಕವನ್ನಾದರೂ ಗೊತ್ತುಮಾಡಿಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ. ಬಾರದಿದ್ದರೂ ಯಾರೂ ಕೇಳುವುದಿಲ್ಲ.

ಕೆರೆ, ಹಿನ್ನೀರು, ಹೊಳೆ, ಅಳಿವೆ, ಕಡಲು ಎಲ್ಲಕ್ಕೂ ಇದೊಂದೇ ಕೈಪಿಡಿ. ಇವೆಲ್ಲ ಬೇರೆ ಬೇರೆ ಜಾತಿಯ ನೀರು ಎಂದು ಮೀನುಗಾರರು ಹೇಳುತ್ತಾರೆ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೊಳೆ ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ನುಗ್ಗುತ್ತದೆ, ಎರಡೂ ಎದುರಾದ ಕಡೆ ಅಲೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಕೆರೆಯಲ್ಲಿ ಹತ್ತು ವರ್ಷ ದೋಣಿ ನಡೆಸಿದವನಿಗೂ ಅದು ಹೊಸದು. ಅವರ ಮಾತು ನಿಜವಿರಬಹುದು. ಆದರೆ ಟೆಂಡರ್ ಫಾರಂ ಒಂದೇ ಇರುವುದರಿಂದ ಕೈಪಿಡಿಯೂ ಒಂದೇ.

ಪೆಟ್ಟಿಗೆಯಲ್ಲಿ ಏನೇನಿದೆ

ಸಿಮೆಂಟಿನ ಅಥವಾ ತೇಲುವ ಜಟ್ಟಿ ಒಂದು. ಅದರ ಪಕ್ಕದಲ್ಲಿ ನಿಲ್ಲಿಸಲು ಗ್ರಾನೈಟ್ ಶಿಲಾಫಲಕ ಒಂದು. ಫಲಕ ಜಟ್ಟಿಗಿಂತ ಗಟ್ಟಿಮುಟ್ಟಾಗಿ ಕಂಡರೆ ಗಾಬರಿಯಾಗಬೇಡಿ, ಅದರ ಮೇಲೆ ಹೆಸರುಗಳು ಜಾಸ್ತಿ ಇವೆ, ಅಷ್ಟೆ. ಎಂಜಿನ್ ಕೂರಿಸಿದ ಫೈಬರ್ ದೋಣಿಗಳು. ಹಂಸದ ಆಕಾರದ ಪೆಡಲ್ ದೋಣಿಗಳು. ಮೊದಲ ಮಳೆಗಾಲ ಕಳೆಯುತ್ತಲೇ ಕಣ್ಣಿನ ಬಣ್ಣ ಹೋಗಿ ಹಂಸಗಳು ಕುರುಡಾಗುತ್ತವೆ, ಇದನ್ನು ದೋಷವೆಂದು ಪರಿಗಣಿಸಲಾಗದು. ಟಿಕೆಟ್ ಕೌಂಟರ್. 'ಐ ಲವ್' ಎಂದು ಶುರುವಾಗಿ ನಿಮ್ಮ ಊರಿನ ಹೆಸರಿನಲ್ಲಿ ಮುಗಿಯುವ ಆಳೆತ್ತರದ ಅಕ್ಷರಗಳು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು, ಲಭ್ಯತೆಗೆ ತಕ್ಕಂತೆ.

ಪೆಟ್ಟಿಗೆಯಲ್ಲಿ ಸೇರಿರದ, ಬೇಕಿದ್ದವರು ಬೇರೆಯಾಗಿ ಹೊಂದಿಸಿಕೊಳ್ಳಬೇಕಾದ ವಸ್ತುಗಳೂ ಇವೆ: ಈಜು ಬಲ್ಲ ಸಿಬ್ಬಂದಿ, ಪಕ್ಕದಲ್ಲಿ ಸಿದ್ಧವಾಗಿ ನಿಂತ ರಕ್ಷಣಾ ದೋಣಿ, ಮಕ್ಕಳ ಅಳತೆಯ ಜಾಕೆಟ್, ಮತ್ತು ಮೋಡ ನೋಡಿ 'ಇವತ್ತು ಬೇಡ' ಎಂದು ಹೇಳುವ ಅಧಿಕಾರವಿರುವ ಒಬ್ಬ ಮನುಷ್ಯ. ಕೊನೆಯದು ಎಲ್ಲ ಊರಿನಲ್ಲೂ ಸಿಗುವುದಿಲ್ಲ.

ಸ್ಥಾಪನೆ

ಮೊದಲು ಲೆಕ್ಕಶೀರ್ಷಿಕೆ ಹುಡುಕಿ. ಜಟ್ಟಿಗೆ, ದೋಣಿಗೆ, ದೀಪಾಲಂಕಾರಕ್ಕೆ, ಪಾರ್ಕಿಂಗ್ ಜಾಗಕ್ಕೆ ಇಂಟರ್‌ಲಾಕ್ ಕಲ್ಲು ಹಾಸುವುದಕ್ಕೆ ಹೇಗಾದರೂ ಒಂದು ಶೀರ್ಷಿಕೆ ಸಿಗುತ್ತದೆ. 'ದೋಣಿ ಹತ್ತುವವರಿಗೆ ನೀರಿನ ಬಗ್ಗೆ ತಿಳಿಹೇಳುವುದು' ಎಂಬ ಶೀರ್ಷಿಕೆ ಸಿಕ್ಕರೆ ದಯಮಾಡಿ ನಮಗೂ ತಿಳಿಸಿ.

ಆಮೇಲೆ ಉದ್ಘಾಟನೆ. ಇದಕ್ಕೆ ಹವಾಮಾನ ನೋಡುವ ಪದ್ಧತಿಯಿಲ್ಲ. 2022ರ ಮೇ ತಿಂಗಳ ಮೊದಲ ವಾರ ಮಲ್ಪೆ ಕಡಲತೀರದಲ್ಲಿ ರಾಜ್ಯದ ಮೊದಲ ತೇಲುಸೇತುವೆ ಎಂಬ ಹೆಗ್ಗಳಿಕೆಯೊಂದಿಗೆ ಒಂದು ಸೇತುವೆ ಉದ್ಘಾಟನೆಗೊಂಡಿತು. ವಾರ ತುಂಬುವುದರೊಳಗೆ ಅಲೆಗಳ ಹೊಡೆತಕ್ಕೆ ಅದರ ತುಂಡುಗಳು ಕಳಚಿ ತೇಲುತ್ತಿದ್ದ ದೃಶ್ಯವನ್ನು ನಾಡೆಲ್ಲ ಮೊಬೈಲಿನಲ್ಲಿ ನೋಡಿತು. ಮೇ ತಿಂಗಳಲ್ಲಿ ಅರಬ್ಬೀ ಸಮುದ್ರ ಏಳುತ್ತದೆ ಎಂಬುದು ಮಲ್ಪೆಯ ದಕ್ಕೆಯಲ್ಲಿ ಬಲೆ ಹೊಲಿಯುವ ಯಾರನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೇ ನಿಲ್ಲಿಸುವ ಕರಾವಳಿ ಅದು. ಆದರೆ ಮೀನುಗಾರರಿಗೆ ಆಹ್ವಾನ ಪತ್ರಿಕೆ ಹೋಗುವುದು ಸಭೆಯಲ್ಲಿ ಕೂರುವುದಕ್ಕೆ, ಸಲಹೆ ಕೊಡುವುದಕ್ಕಲ್ಲ.

ಮೂರನೆಯದು ಗುತ್ತಿಗೆ, ಮತ್ತು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಡೀ ಯಂತ್ರದ ಮುಖ್ಯ ಗಿಯರ್ ಇದು. ಸರ್ಕಾರ ಅಥವಾ ನಗರಸಭೆ ಕೆರೆಯನ್ನು ಹರಾಜಿಗೆ ಇಡುತ್ತದೆ. ಹೆಚ್ಚು ಕೂಗಿದವನಿಗೆ ಕೆರೆ. ಹೆಚ್ಚು ಕೂಗಿದವನು ಹೆಚ್ಚು ದುಡ್ಡು ಎತ್ತಬೇಕು. ಟಿಕೆಟ್ ದರವನ್ನು ಆದೇಶದಲ್ಲೇ ಕಟ್ಟಿಹಾಕಿರುವುದರಿಂದ ಏರಿಸುವಂತಿಲ್ಲ. ವಿಹಾರದ ಕಾಲ ಚಳಿಗಾಲದ ರಜೆ, ಬೇಸಿಗೆ ರಜೆ, ಮೂರು ದಿನದ ವಾರಾಂತ್ಯಗಳು ಇಷ್ಟೇ. ಇನ್ನು ಹಿಗ್ಗಿಸಲು ಅವನ ಕೈಯಲ್ಲಿ ಉಳಿಯುವುದು ಒಂದು ದೋಣಿಗೆ ಎಷ್ಟು ತಲೆ ಎಂಬ ಸಂಖ್ಯೆ ಮಾತ್ರ. ಕುಗ್ಗಿಸಲು ಉಳಿಯುವುದು ಜಾಕೆಟ್, ಸಿಬ್ಬಂದಿ, ರಿಪೇರಿ. ಗುತ್ತಿಗೆದಾರ ಕೆಟ್ಟವನಾಗಿರಬೇಕಿಲ್ಲ. ಕರಾರನ್ನು ಹೀಗೆ ಬರೆದ ಮೇಲೆ ಒಳ್ಳೆಯವನೂ ಇದೇ ಲೆಕ್ಕ ಹಾಕುತ್ತಾನೆ. ಹಿಂದೆ ಸರ್ಕಾರ ದೋಣಿವಿಹಾರಕ್ಕೆ ನೆರವು ಕೊಡುತ್ತಿದೆ ಎಂದುಕೊಂಡಿದ್ದವರು ಗಮನಿಸಿ: ಹರಾಜಿನ ಮರುದಿನದಿಂದ ನೆರವು ಹರಿಯುವುದು ದೋಣಿಯಿಂದ ಸರ್ಕಾರದ ಕಡೆಗೆ.

ದಾಖಲೆಗಳು

ದಾಖಲೆಗಳ ವಿಚಾರದಲ್ಲಿ ನಮ್ಮದು ಬಡ ದೇಶವಲ್ಲ. 1917ರಿಂದ ಇದ್ದ ಒಳನಾಡು ಹಡಗುಗಳ ಕಾಯ್ದೆಯನ್ನು ತೆಗೆದು 2021ರಲ್ಲಿ ಹೊಸ ಕಾಯ್ದೆ ತಂದಿದ್ದಾರೆ. ಎಂಜಿನ್ ದೋಣಿಗೆ ನೋಂದಣಿ ಬೇಕು, ತಪಾಸಣೆಯ ಪ್ರಮಾಣಪತ್ರ ಬೇಕು, ವಿಮೆ ಬೇಕು, ನಡೆಸುವವನಿಗೆ ಅರ್ಹತಾಪತ್ರ ಬೇಕು. ಅದಕ್ಕೂ ಮೊದಲೇ, 2017ರಲ್ಲಿ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ದೋಣಿ ಸುರಕ್ಷತೆಗೆಂದೇ ಮಾರ್ಗಸೂಚಿ ಹೊರಡಿಸಿದೆ. ಚೆನ್ನಾಗಿಯೇ ಬರೆದಿದ್ದಾರೆ. ಅದನ್ನು ಓದಿದವರು ಮುಳುಗುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅದು ಸಿಗುವ ಜಾಗದಲ್ಲಿ ನೀರಿಲ್ಲ.

ಹುಟ್ಟು ಹಾಕುವ ದೋಣಿ, ಹರಿಗೋಲುಗಳ ಪಾಲನೆಯನ್ನು ಸ್ಥಳೀಯ ಸಂಸ್ಥೆಗಳ ಕಡೆಗೆ ತಳ್ಳಲಾಗಿದೆ. ಹಂಪಿಯಲ್ಲಿ, ತಲಕಾಡಿನಲ್ಲಿ ಇವತ್ತಿಗೂ ತಿರುಗುವ ಹರಿಗೋಲನ್ನು ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಂಡು ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕೆಂದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಎತ್ತಿನ ಜಾಗಕ್ಕೆ ಐಟಿ ಕಂಪನಿಯ ತಂಡ ಬಂದಿದೆ. ಎತ್ತು ದೋಣಿಯ ನಡುವೆ ಎದ್ದು ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿರಲಿಲ್ಲ ಎಂಬುದನ್ನು ಪಂಚಾಯಿತಿಯವರು ಗಮನಕ್ಕೆ ತಂದುಕೊಳ್ಳತಕ್ಕದ್ದು.

ಪ್ರಯಾಣಿಕರನ್ನು ತುಂಬುವ ವಿಧಾನ

ದೋಣಿಯ ಪಕ್ಕೆಯಲ್ಲಿ 'ಸಾಮರ್ಥ್ಯ' ಎಂದು ಬರೆದು ಒಂದು ಸಂಖ್ಯೆ ಹಾಕಿರುತ್ತಾರೆ. ಇದನ್ನು ಆರಂಭದ ಬೆಲೆ ಎಂದು ತಿಳಿಯಿರಿ. ಚೌಕಾಸಿ ಇಲ್ಲಿಂದ ಮುಂದಕ್ಕೆ. ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಬಾರದು. ತೊಡೆಯ ಮೇಲೆ ಕೂತವರನ್ನೂ ಹಿಡಿಯಬಾರದು. ಒಂದೇ ಕುಟುಂಬದವರು 'ನಾವೆಲ್ಲ ಒಟ್ಟಿಗೇ ಹೋಗ್ಬೇಕು, ಒಂದಿಬ್ರು ತಾನೆ' ಎಂದರೆ ಅವರ ಮನಸ್ಸು ನೋಯಿಸಬಾರದು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್‌ಸೋಲ್ ಎಂಬ ಸಂಸದ ಹಡಗಿನ ಹೊರಮೈ ಮೇಲೆ ಒಂದು ಗೆರೆ ಎಳೆಯಿರಿ, ನೀರು ಆ ಗೆರೆ ದಾಟುವಷ್ಟು ಸರಕು ತುಂಬಬೇಡಿ ಎಂದು ವರ್ಷಗಟ್ಟಲೆ ಜಗಳವಾಡಿ 1876ರಲ್ಲಿ ಅದನ್ನು ಕಾನೂನು ಮಾಡಿಸಿದ. ಅಕ್ಷರ ಬಾರದವನಿಗೂ ಅರ್ಥವಾಗುವ ಸುರಕ್ಷತಾ ಪಾಠ ಅದು: ಗೆರೆ ಕಾಣುತ್ತಿದೆಯೇ, ಹೊರಡು, ಮುಳುಗಿದೆಯೇ, ಇಳಿಸು. ನಮ್ಮ ಕೆರೆಯ ದೋಣಿಗಳಿಗೂ ಒಂದು ಡಬ್ಬಿ ಬಣ್ಣದಲ್ಲಿ ಈ ಕೆಲಸ ಆದೀತು. ಗೆರೆಯನ್ನು ನೋಡುವುದಕ್ಕೆ ದಡದಲ್ಲಿ ಒಬ್ಬ ನಿಂತಿರಬೇಕು, ಅವನ ಸಂಬಳ ಗುತ್ತಿಗೆದಾರನ ಕೈಯಿಂದ ಬರುತ್ತಿರಬಾರದು ಎಂಬುದಷ್ಟೇ ಷರತ್ತು.

ಎಷ್ಟು ಜನ ಎಂಬುದರಷ್ಟೇ ಎಲ್ಲಿ ಕೂತಿದ್ದಾರೆ ಎಂಬುದೂ ಮುಖ್ಯ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಸರೋವರದಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ 'ಜಲಕನ್ಯಕಾ' ಮಗುಚಿ 45 ಜನ ಸತ್ತರು. ಎರಡು ಅಂತಸ್ತಿನ ಹೊಸ ದೋಣಿ. ಬಿರುಗಾಳಿಯಿಲ್ಲ, ಅಲೆಯಿಲ್ಲ. ದಡದಲ್ಲಿ ಕಾಡುಪ್ರಾಣಿಗಳು ಕಂಡವೆಂದು ಮೇಲಂತಸ್ತಿನವರು ಎದ್ದು ಒಂದೇ ಬದಿಗೆ ಸರಿದರು. ಜನ ಕೂತಾಗ ಭಾರದ ಕೇಂದ್ರ ಕೆಳಗಿರುತ್ತದೆ, ದೋಣಿ ವಾಲಿದರೂ ತಾನೇ ನೆಟ್ಟಗಾಗುತ್ತದೆ. ಎದ್ದರೆ ಕೇಂದ್ರವೂ ಏಳುತ್ತದೆ, ಮೇಲಂತಸ್ತಿನಲ್ಲಿ ಎದ್ದರೆ ಇನ್ನೂ ಮೇಲೆ. ಆಗ ಒಂದಿಷ್ಟು ವಾಲಿದರೆ ಸಾಕು, ನೆಟ್ಟಗಾಗಿಸುವ ಬಲಕ್ಕಿಂತ ಬೀಳಿಸುವ ಬಲ ಹೆಚ್ಚಾಗುತ್ತದೆ. ತಳದಲ್ಲಿ ನೀರು ನಿಂತಿದ್ದರಂತೂ ಮುಗಿಯಿತು. ತುಂಬಿದ ತಟ್ಟೆ ಹಿಡಿದು ನಡೆದವರಿಗೆ ಗೊತ್ತಿರುವಂತೆ, ನೀರು ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ದೋಣಿಯಲ್ಲಿ ಅಷ್ಟು ಹೊತ್ತು ಹಾಡು ಹಾಕಿರುತ್ತಾರೆ.

ನಮ್ಮದೇ ಕರಾವಳಿಯಲ್ಲಿ 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಮಿತಿಮೀರಿ ಜನ ಇದ್ದರು. ಜಾತ್ರೆ ವರ್ಷಕ್ಕೊಮ್ಮೆ, ಅದೇ ದ್ವೀಪಕ್ಕೆ, ಎಲ್ಲರಿಗೂ ಗೊತ್ತಿರುವ ದಿನ. ಮುಂಚಿತವಾಗಿ ತಿಳಿಸಿ ಬರುವ ಜನಸಂದಣಿಗೆ ತಯಾರಾಗುವುದು ನಮಗೆ ಯಾಕೆ ಇಷ್ಟು ಕಷ್ಟವೋ, ಕೈಪಿಡಿ ಬರೆಯುವವರಿಗೂ ಗೊತ್ತಿಲ್ಲ.

ಮೀನಿನ ದೋಣಿಯನ್ನು ವಿಹಾರದ ದೋಣಿಯಾಗಿ ಪರಿವರ್ತಿಸಬಹುದೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಮೇಲೊಂದು ಅಟ್ಟ ಕಟ್ಟಿ, ಬಣ್ಣ ಬಳಿದು, ಏಣಿ ಇಟ್ಟರೆ ಕಣ್ಣಿಗೆ ಕಾಣುವಷ್ಟು ಪರಿವರ್ತನೆ ಆಗುತ್ತದೆ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಗುಚಿ 22 ಜನರನ್ನು ಬಲಿ ತೆಗೆದುಕೊಂಡದ್ದು ಅಂಥದೇ ದೋಣಿ.

ಲೈಫ್ ಜಾಕೆಟ್: ಇಡುವ, ಕೊಡುವ ಮತ್ತು ವಾಪಸ್ ಪಡೆಯುವ ಕ್ರಮ

ಜಾಕೆಟ್‌ಗಳನ್ನು ಸೀಟಿನ ಕೆಳಗೆ ಇಟ್ಟು ಬೀಗ ಹಾಕುವುದು ಉತ್ತಮ, ಕಳ್ಳತನ ತಪ್ಪುತ್ತದೆ. ತಪಾಸಣೆಗೆ ಸಾಹೇಬರು ಬಂದ ದಿನ ಹೊರತೆಗೆದು ಬಿಸಿಲಿಗೆ ಹರಡಿದರೆ ವಾಸನೆಯೂ ಹೋಗುತ್ತದೆ, ಫೋಟೋವೂ ಬರುತ್ತದೆ. ಉಳಿದ ದಿನಗಳಲ್ಲಿ ಇದನ್ನು ಕೂರುವ ದಿಂಬಾಗಿಯೂ, ಎರಚಲು ಹೊಡೆಯದಂತೆ ಪಕ್ಕಕ್ಕೆ ಕಟ್ಟುವ ಪರದೆಯಾಗಿಯೂ ಬಳಸುವ ಅನುಭವಿಗಳಿದ್ದಾರೆ.

ಪ್ರಯಾಣಿಕರು ಕೇಳಿದರೆ ಮಾತ್ರ ಕೊಡಿ. ಸಂಭಾಷಣೆಯ ಮಾದರಿ ಹೀಗಿದೆ.

'ಅಣ್ಣಾ, ಮಗೂಗೆ ಸಣ್ಣದು ಇದ್ಯಾ?'

'ಎಲ್ಲಾ ಒಂದೇ ಸೈಜು ಅಕ್ಕಾ. ನೀವು ಎತ್ಕೊಂಡು ಕೂತ್ಕೊಳಿ, ಏನಾಗಲ್ಲ.'

'ಇದರ ಬಕಲ್ ಕಿತ್ತೋಗಿದೆ.'

'ದಾರ ಐತಲ್ಲ, ಗಂಟು ಹಾಕ್ಕೊಳಿ. ಹತ್ತೇ ನಿಮಿಷ, ಒಂದು ರೌಂಡು.'

ಈ ಹತ್ತು ನಿಮಿಷದ ಮಾತನ್ನು ಪ್ರಯಾಣಿಕರೂ ಬಹಳ ಸಲ ತಾವಾಗಿಯೇ ಆಡುತ್ತಾರೆ, ದೋಣಿಯವನನ್ನೇ ದೂರುವಂತಿಲ್ಲ. ರೇಷ್ಮೆ ಸೀರೆಯ ಮೇಲೆ ಯಾರ್‍ಯಾರೋ ಬೆವರು ಸುರಿಸಿದ ಜಾಕೆಟ್ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಹಾಕಿದರೂ ಫೋಟೋ ಮುಗಿದ ಕೂಡಲೇ ಬಿಚ್ಚುತ್ತಾರೆ. ಈಜು ಬರುವ ಗಂಡಸರಿಗೆ ಅದು ಮರ್ಯಾದೆಯ ಪ್ರಶ್ನೆ. ಊರ ಬಾವಿಯಲ್ಲಿ, ನಾಲೆಯಲ್ಲಿ ಈಜು ಕಲಿತವನಿಗೆ ಪ್ಯಾಂಟು ಶೂ ತೊಟ್ಟು, ಮಗುಚಿದ ದೋಣಿಯ ಅಟ್ಟದ ಕೆಳಗಿನಿಂದ, ಕೊರಳಿಗೆ ನಾಲ್ಕು ಜನ ಜೋತುಬಿದ್ದಿರುವಾಗ ಈಜಿ ಅಭ್ಯಾಸವಿರುವುದಿಲ್ಲ.

ಜಾಕೆಟ್ ಮಾಡಬೇಕಾದ ಕೆಲಸ ನಿಜಕ್ಕೂ ಬಹಳ ಸಣ್ಣದು. ನೀರಿನಲ್ಲಿ ದೇಹ ಹೆಚ್ಚುಕಡಿಮೆ ತನ್ನಷ್ಟಕ್ಕೆ ತೇಲುತ್ತದೆ. ತಲೆ ಮೇಲಿರಬೇಕಾದರೆ ಬೆಳೆದ ಮನುಷ್ಯನಿಗೆ ಬೇಕಾದ ಹೆಚ್ಚುವರಿ ಆಸರೆ 3ರಿಂದ 5 ಕಿಲೋ ಮಾತ್ರ. ನೂರು ನ್ಯೂಟನ್ ಎಂದು ಗುರುತು ಹಾಕಿದ ಜಾಕೆಟ್ ಸುಮಾರು 10 ಕಿಲೋ ಎತ್ತುತ್ತದೆ. ಎದೆಯ ಭಾಗದಲ್ಲಿ ಫೋಮ್ ಹೆಚ್ಚಿರುವುದು ಮುಖ ಮೇಲೆ ಬರಲಿ ಎಂದು. ಅದನ್ನು ಹಿಂದುಮುಂದಾಗಿ ಹಾಕಿಕೊಂಡರೆ ಅದು ಅಷ್ಟೇ ನಿಷ್ಠೆಯಿಂದ ಮುಖವನ್ನು ಕೆಳಗೆ ಮಾಡುತ್ತದೆ. ಬಕಲ್ ಇಲ್ಲದ ಜಾಕೆಟ್ ನೀರಿಗೆ ಬಿದ್ದೊಡನೆ ಮೇಲೆದ್ದು ಕಿವಿ ದಾಟಿ ಹೋಗುತ್ತದೆ: ಜಾಕೆಟ್ ತೇಲುತ್ತದೆ, ಮನುಷ್ಯ ಒಳಗಿರುವುದಿಲ್ಲ. ಪರೀಕ್ಷೆ ಸುಲಭ. ಹಾಕಿಕೊಂಡವರ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲದವರೆಗೆ ಏರಿದರೆ ಅದು ಅವರದಲ್ಲ, ಬೇರೆ ಕೇಳಿ. ದೊಡ್ಡವರ ಜಾಕೆಟ್ ತೊಟ್ಟ ಐದು ವರ್ಷದ ಮಗು ಈ ಪರೀಕ್ಷೆಯಲ್ಲಿ ಯಾವತ್ತೂ ಪಾಸಾಗುವುದಿಲ್ಲ.

ನೀರಿಗೆ ಬಿದ್ದ ಮೇಲೆ ಜಾಕೆಟ್ ಹಾಕಿಕೊಳ್ಳಬಹುದು ಎಂದು ನಂಬಿರುವವರು ಮನೆಯ ಹಾಸಿಗೆಯ ಮೇಲೆ ಮಲಗಿಕೊಂಡು, ಕಣ್ಣು ಮುಚ್ಚಿ, ಒಂದು ಅಂಗಿಗೆ ಗುಂಡಿ ಹಾಕಿ ನೋಡತಕ್ಕದ್ದು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ, ನಗರಪಾಲಿಕೆ ಗುತ್ತಿಗೆ ಕೊಟ್ಟಿದ್ದ ದೋಣಿವಿಹಾರದಲ್ಲಿ, ಶಾಲೆಯಿಂದ ಪಿಕ್‌ನಿಕ್ಕಿಗೆ ಬಂದ 12 ಮಕ್ಕಳೂ 2 ಶಿಕ್ಷಕಿಯರೂ ಮುಳುಗಿಹೋದರು. ಜಾಕೆಟ್ ಕೆಲವರಿಗೆ ಸಿಕ್ಕಿತ್ತು, ಎಲ್ಲರಿಗೂ ಸಿಕ್ಕಿರಲಿಲ್ಲ. ಯಾವ ಮಗುವಿಗೆ ಕೊಡುವುದು ಎಂದು ಯಾರು, ಹೇಗೆ ತೀರ್ಮಾನಿಸಿದರೋ. ಇಲ್ಲಿ ಕೈಪಿಡಿಯ ತಮಾಷೆಗೆ ಬಾಯಿ ಕಟ್ಟುತ್ತದೆ. ಮುಂದಿನ ಅಧ್ಯಾಯಕ್ಕೆ ಹೋಗಿ.

ಸುರಕ್ಷತಾ ಶಿಕ್ಷಣ

ಬೋರ್ಡು ಬರೆಸಿ. ಹಳದಿ ಹಲಗೆ, ಕೆಂಪು ಅಕ್ಷರ: 'ಅಪಾಯ! ನೀರಿಗಿಳಿಯಬೇಡಿ. ಆದೇಶದ ಮೇರೆಗೆ.' ಯಾರ ಆದೇಶ, ಏನು ಅಪಾಯ ಎಂದು ವಿವರಿಸಿದರೆ ಹಲಗೆ ಸಾಲದು. ಸಾಧ್ಯವಾದರೆ ಪಕ್ಕದಲ್ಲಿ ಈವರೆಗೆ ಸತ್ತವರ ಸಂಖ್ಯೆ ಹಾಕಿಸಿ, ಅದನ್ನು ಆಗಾಗ ತಿದ್ದಲು ಸುಣ್ಣದಲ್ಲಿ ಬರೆಸಿ.

ವಿವರಿಸುವುದೇ ಆದರೆ ಕಡಲತೀರದಲ್ಲಿ ಹೇಳಬೇಕಾದ್ದು ಇದು. ಅಲೆಗಳು ತಂದ ನೀರು ಎಲ್ಲಿಂದಲಾದರೂ ವಾಪಸ್ ಹೋಗಬೇಕಲ್ಲ. ಮರಳಿನ ದಿಬ್ಬಗಳ ನಡುವೆ ಅದು ಒಂದು ಕಾಲುವೆ ಮಾಡಿಕೊಂಡು ರಭಸದಿಂದ ಹೊರಗೆ ಸೆಳೆಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ. ಅಕ್ಕಪಕ್ಕ ಅಬ್ಬರಿಸುತ್ತಿರುವಾಗ ಅದೊಂದೇ ತಣ್ಣಗೆ ಕಾಣುತ್ತದೆ. ಒಳನಾಡಿನಿಂದ ಬಂದವರು, ಮಕ್ಕಳೊಂದಿಗೆ ಬಂದವರು, ಜಾಣತನದಿಂದ ಆ ಜಾಗವನ್ನೇ ಆರಿಸಿ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ನೇರ ದಡಕ್ಕೆ ಈಜಲು ಹೋಗಿ ಸೋಲುತ್ತಾರೆ. ಅಂಗಾತ ತೇಲಿ ಉಸಿರು ಉಳಿಸಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತ ಮುಗಿಯುತ್ತದೆ. ಅದು ಅಗಲವಾಗಿರುವುದಿಲ್ಲ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ಮುಳಬಾಗಿಲು ತಾಲ್ಲೂಕಿನ ನಾಲ್ವರು ಹುಡುಗಿಯರು ಮುಳುಗಿದರು. ಮುಳಬಾಗಿಲಿಗೂ ಕಡಲಿಗೂ ನಡುವೆ ಇಡೀ ಕರ್ನಾಟಕ ಇದೆ. ಪ್ರವಾಸಕ್ಕೆ ಹೊರಡುವ ಮುನ್ನ ಶಾಲೆ ಪೋಷಕರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತದೆ, ಊಟದ ತಟ್ಟೆ ತರಲು ಹೇಳುತ್ತದೆ, ಸ್ವೆಟರ್ ನೆನಪಿಸುತ್ತದೆ. ಸೆಳೆತದ ಚಿತ್ರವೊಂದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದು ಯಾವ ಸುತ್ತೋಲೆಯಲ್ಲಿ ಬರಬೇಕಿತ್ತು? ದುರಂತದ ನಂತರ ಆ ಕಡಲತೀರಕ್ಕೆ ಕೆಲಕಾಲ ಪ್ರವೇಶ ನಿಷೇಧಿಸಲಾಯಿತು. ಶಿಕ್ಷಣಕ್ಕಿಂತ ನಿಷೇಧ ಅಗ್ಗ: ನಾಲ್ಕು ಬ್ಯಾರಿಕೇಡ್, ಇಬ್ಬರು ಹೋಂಗಾರ್ಡ್.

ಕಲಿಸುವವರೇ ಇಲ್ಲವೆಂದು ತಿಳಿಯಬೇಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ 1990ರಿಂದ ಗೋವಾದಲ್ಲಿದೆ. ಎಂಜಿನ್ ದೋಣಿ ನಡೆಸುವುದು, ಮುಳುಗುತ್ತಿರುವವರನ್ನು ಎತ್ತುವುದು ಎರಡನ್ನೂ ಕಲಿಸುತ್ತದೆ. ಕಾರವಾರದಿಂದ ಅರ್ಧ ದಿನದ ಹಾದಿಯೂ ಅಲ್ಲ. ಅದೇ ಗೋವಾದಲ್ಲಿ 2008ರಿಂದ ಸರ್ಕಾರ ಹಣ ಕೊಟ್ಟು ಕಡಲತೀರಗಳಿಗೆ ವೃತ್ತಿಪರ ಜೀವರಕ್ಷಕರನ್ನು ಇಟ್ಟಿದೆ. ದೇಶದಲ್ಲಿ ವರ್ಷಕ್ಕೆ 38,000ಕ್ಕೂ ಹೆಚ್ಚು ಜನ ಮುಳುಗಿ ಸಾಯುತ್ತಾರೆಂದು 2022ರ ಅಪರಾಧ ದಾಖಲೆಗಳ ಲೆಕ್ಕ ಹೇಳುತ್ತದೆ. ಅವರಲ್ಲಿ ವಿಹಾರದ ದೋಣಿ ಹತ್ತಿದವರು ಸಣ್ಣ ಪಾಲು, ನಿಜ. ಆದರೆ ಕೆರೆಗೆ ಬಟ್ಟೆ ಒಗೆಯಲು ಹೋದವರನ್ನು ಸರ್ಕಾರ ಸಾಲಾಗಿ ನಿಲ್ಲಿಸಿ ಪಾಠ ಹೇಳಲಾರದು. ಟಿಕೆಟ್ ಕೊಂಡವರು ತಾವಾಗಿ ಸಾಲಿನಲ್ಲಿ ನಿಂತಿರುತ್ತಾರೆ, ಅದೂ ಅರ್ಧ ಗಂಟೆ, ಬೇರೇನೂ ಕೆಲಸವಿಲ್ಲದೆ.

ಬೆಂಗಳೂರಿನಿಂದ ದೆಹಲಿಗೆ ಹಾರುವ ವಿಮಾನದಲ್ಲಿ, ಕೆಳಗೆ ಹೇಳಿಕೊಳ್ಳುವಂಥ ನೀರೇ ಇಲ್ಲದ ದಾರಿಯಲ್ಲಿ, ಲೈಫ್ ಜಾಕೆಟ್ ಎಲ್ಲಿದೆ ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳುತ್ತಾರೆ. ನೀರಿನ ಮೇಲೆಯೇ ಕೂರಿಸುವ ದೋಣಿಯಲ್ಲಿ ಕನ್ನಡದಲ್ಲೂ ಹೇಳುವುದಿಲ್ಲ.

ಆಮದು ಮಾದರಿ (ನಮ್ಮ ವೋಲ್ಟೇಜಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳುವುದು)

ಅಮೆರಿಕದಲ್ಲಿ ಇನ್ನೊಂದು ಯಂತ್ರ ಬಳಕೆಯಲ್ಲಿದೆ. 1950ರಲ್ಲಿ ಗಾಳ, ರೀಲು, ಗಾಳದ ಕೋಲುಗಳ ಮೇಲೆ ತೆರಿಗೆ ಹಾಕಿ ಆ ಹಣವನ್ನು ಮೀನಿನ ನೀರಿಗೇ ಖರ್ಚು ಮಾಡುವ ಕಾಯ್ದೆ ಬಂತು. 1984ರಲ್ಲಿ ಅದನ್ನು ಹಿಗ್ಗಿಸಿ ಮೋಟಾರು ದೋಣಿಗಳು ಸುಡುವ ಪೆಟ್ರೋಲಿನ ಮೇಲಿನ ಕೇಂದ್ರ ತೆರಿಗೆಯನ್ನೂ ಅದೇ ನಿಧಿಗೆ ಸೇರಿಸಿದರು. ದೋಣಿಗೆ ಎಣ್ಣೆ ಹಾಕಿಸಿದವನ ದುಡ್ಡು ಸುತ್ತಿ ಬಂದು ಅವನ ಜಟ್ಟಿಗೆ, ಅವನ ಪಾಠಕ್ಕೆ ಹೋಗುತ್ತದೆ. ರಾಜ್ಯಗಳು ತಮ್ಮ ಮೀನು ನಿಧಿಯಲ್ಲಿ ಕನಿಷ್ಠ ಶೇಕಡ 15ರಷ್ಟನ್ನು ಜನ ದೋಣಿ ಇಳಿಸುವ ಅನುಕೂಲಗಳಿಗೆ ಬಳಸಬೇಕು. ಸುರಕ್ಷತೆಗೆ, ಶಿಕ್ಷಣಕ್ಕೆ ಪ್ರತ್ಯೇಕ ಪಾಲಿದ್ದು ಅದನ್ನು ಕೋಸ್ಟ್ ಗಾರ್ಡ್ ರಾಜ್ಯಗಳಿಗೆ ಹಂಚುತ್ತದೆ. 1992ರ ಇನ್ನೊಂದು ಕಾಯ್ದೆಯ ಪ್ರಕಾರ ದೋಣಿಯ ಕಕ್ಕಸಿನ ಕೊಳೆ ಹೀರಿ ತೆಗೆಯುವ ಪಂಪಿನ ಖರ್ಚಿನಲ್ಲಿ ಶೇಕಡ 75ರವರೆಗೂ ಕೇಂದ್ರವೇ ಕೊಡುತ್ತದೆ. ಅದಕ್ಕೂ ಅಲ್ಲಿ ಲೆಕ್ಕಶೀರ್ಷಿಕೆ ಇದೆ ಎಂಬುದನ್ನು ನಮ್ಮ ಹಣಕಾಸು ಇಲಾಖೆಯವರು ಅಸೂಯೆಪಡದೆ ಓದತಕ್ಕದ್ದು.

ಫ್ಲಾರಿಡಾದಲ್ಲಿ 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಹತ್ತು ಅಥವಾ ಅದಕ್ಕಿಂತ ಹೆಚ್ಚು ಅಶ್ವಶಕ್ತಿಯ ದೋಣಿ ನಡೆಸಬೇಕಾದರೆ ಸುರಕ್ಷತಾ ಪಾಠ ಮುಗಿಸಿದ ಕಾರ್ಡು ಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ವಯಸ್ಸು ಎಷ್ಟೇ ಆಗಿರಲಿ, ಕಾರ್ಡಿಲ್ಲದೆ ಎಂಜಿನ್ ದೋಣಿ ನಡೆಸುವಂತಿಲ್ಲ.

ಇಷ್ಟೆಲ್ಲ ಇದ್ದೂ 2023ರಲ್ಲಿ ಅಲ್ಲಿ ವಿಹಾರದ ದೋಣಿಗಳಲ್ಲಿ 564 ಜನ ಸತ್ತರು. ಮುಳುಗಿ ಸತ್ತವರಲ್ಲಿ ಶೇಕಡ 87ರಷ್ಟು ಜನ ಜಾಕೆಟ್ ಹಾಕಿರಲಿಲ್ಲ. ಮಾಹಿತಿ ಸಿಕ್ಕ ಪ್ರಕರಣಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಸಾವು, ನಡೆಸುವವನು ಪಾಠವನ್ನೇ ಕಲಿಯದಿದ್ದ ದೋಣಿಗಳಲ್ಲಿ. ಅಂದರೆ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು ಎಂಬ ಮಾತು ಅಮೆರಿಕದ ಮರ್ಯಾದಸ್ಥ ಗಂಡಸರಿಗೂ ಇಳಿದಿಲ್ಲ.

ಈ ಯಂತ್ರವನ್ನು ಹಾಗೆಯೇ ತಂದು ಇಲ್ಲಿ ಪ್ಲಗ್ ಮಾಡಲಾಗದು. ಅಲ್ಲಿ ಮುಳುಗುವವನು ಬಹುಮಟ್ಟಿಗೆ ದೋಣಿಯ ಒಡೆಯ ಅಥವಾ ಅವನ ಸ್ನೇಹಿತ. ಅವನಿಗೆ ಕೂರಿಸಿ ಪಾಠ ಹೇಳಬಹುದು, ಕಾರ್ಡು ಕೊಡಬಹುದು. ಇಲ್ಲಿ ಮುಳುಗುವವರು ಜೀವಮಾನದಲ್ಲಿ ಎರಡು ಮೂರು ಸಲ ದೋಣಿ ಹತ್ತುವವರು, ಟಿಕೆಟ್ ಕೊಂಡು ಬೇರೆಯವನ ಕೈಗೆ ಜೀವ ಕೊಟ್ಟವರು. ಹಾಗಾಗಿ ಪಾಠ ಎರಡು ತುಂಡಾಗಬೇಕು. ಚುಕ್ಕಾಣಿ ಹಿಡಿಯುವವನಿಗೆ ಗೋವಾದಲ್ಲೋ ಮಂಗಳೂರಿನಲ್ಲೋ ವಾರಗಟ್ಟಲೆ. ಹತ್ತುವವರಿಗೆ ಜಟ್ಟಿಯ ಮೇಲೆ ಎರಡು ನಿಮಿಷ. ಎರಡಕ್ಕೂ ಟಿಕೆಟ್ಟಿನಲ್ಲೇ ಒಂದಿಷ್ಟು ಹಣ ತೆಗೆದಿಡಬಹುದು, ಅಮೆರಿಕದವರು ಪೆಟ್ರೋಲಿನಲ್ಲಿ ತೆಗೆದಂತೆ. ಆದರೆ ಹಾಗೆ ತೆಗೆದ ಹಣ ಹರಾಜಿನ ಮೊತ್ತದೊಳಗೆ ಕರಗದಂತೆ ನೋಡಿಕೊಳ್ಳಬೇಕು. ಆ ತಿರುಪು ಎಲ್ಲಿ ಸಿಗುತ್ತದೆ ಎಂದು ಬಿಡಿಭಾಗಗಳ ಪಟ್ಟಿಯಲ್ಲಿ ಕೊಟ್ಟಿಲ್ಲ.

ದೋಷ ನಿವಾರಣೆ

ದೋಣಿ ಮಗುಚಿದರೆ: ವಿಚಾರಣಾ ಆಯೋಗ ನೇಮಿಸಿ. ನೆರೆಯ ಕೇರಳದಲ್ಲಿ 2002ರ ಕುಮರಕಂ, 2007ರ ತಟ್ಟೇಕ್ಕಾಡ್, 2009ರ ತೇಕ್ಕಡಿ, 2023ರ ತಾನೂರು, ನಾಲ್ಕಕ್ಕೂ ಆಯೋಗಗಳಾದವು. ಮೊದಲ ವರದಿಯನ್ನೇ ಜಟ್ಟಿಯಿಂದ ಜಟ್ಟಿಗೆ ಒಯ್ದು ಓದಿಸಿದ್ದರೆ ಕೊನೆಯದನ್ನು ಬರೆಯುವ ಕೆಲಸ ಉಳಿಯುತ್ತಿತ್ತೇನೋ.

ಜನ ಸಿಟ್ಟಾದರೆ: ದೋಣಿವಿಹಾರ ನಿಲ್ಲಿಸಿ. ಸಿಟ್ಟು ಇಳಿದರೆ: ಶುರುಮಾಡಿ.

ಎಂಜಿನ್ ನಡುನೀರಿನಲ್ಲಿ ನಿಂತರೆ: ಲಂಗರು ಇದೆಯೇ ನೋಡಿ. ಹುಟ್ಟು ಇದೆಯೇ ನೋಡಿ. ಎರಡೂ ಇಲ್ಲವಾದರೆ ಮೊಬೈಲಿನಲ್ಲಿ ಸಿಗ್ನಲ್ ಇದೆಯೇ ನೋಡಿ.

ವಾರಂಟಿ

ಈ ಉತ್ಪನ್ನಕ್ಕೆ ಮುಂಗಡ ವಾರಂಟಿ ಇಲ್ಲ. ಆಮೇಲಿನ ವಾರಂಟಿ ಧಾರಾಳವಾಗಿದೆ. ಪ್ರಧಾನಮಂತ್ರಿ ಪರಿಹಾರ ನಿಧಿಯಿಂದ ಸಾಮಾನ್ಯವಾಗಿ ಸತ್ತವರ ಕುಟುಂಬಕ್ಕೆ 2 ಲಕ್ಷ, ಗಾಯಗೊಂಡವರಿಗೆ 50,000 ರೂಪಾಯಿ ಘೋಷಣೆಯಾಗುತ್ತದೆ. ರಾಜ್ಯಗಳು ತಮ್ಮದನ್ನು ಸೇರಿಸುತ್ತವೆ. ವಡೋದರಾ ದುರಂತಕ್ಕೆ ಗುಜರಾತ್ 4 ಲಕ್ಷ ಕೊಟ್ಟಿತು, ತಾನೂರಿಗೆ ಕೇರಳ 10 ಲಕ್ಷ. ಪರಿಹಾರ ಕೊಡಬಾರದೆಂದು ಯಾರೂ ಹೇಳಲಾರರು. ಒಂದು ಜಾಕೆಟ್ಟಿಗೆ ಎರಡು ಸಾವಿರ ಹಿಡಿದರೂ ಒಂದು ಸಾವಿನ ಕೇಂದ್ರದ ಪಾಲಿನಲ್ಲೇ 100 ಜಾಕೆಟ್ ಬರುತ್ತವೆ ಎಂಬ ಲೆಕ್ಕವನ್ನು ಮಾತ್ರ ಕಡತದ ಅಂಚಿನಲ್ಲಿ ಪೆನ್ಸಿಲಿನಲ್ಲಾದರೂ ಬರೆದಿಡಬಹುದು.

ಗ್ರಾಹಕ ಸೇವೆ

ಕಡಲಿನಲ್ಲಾದರೆ ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554. ಕೆರೆ, ಹೊಳೆ, ಹಿನ್ನೀರಿನಲ್ಲಾದರೆ 112. ಹತ್ತುವ ಮುನ್ನ ಜಾಕೆಟ್ ಕೇಳಿ, ಭುಜ ಹಿಡಿದು ಎಳೆಸಿಕೊಳ್ಳಿ, ದೋಣಿಯಲ್ಲಿ ಎಷ್ಟು ಜನ ಎಂದು ಗಟ್ಟಿಯಾಗಿ ಎಣಿಸಿ. ಎಣಿಸುವವರನ್ನು ಕಂಡರೆ ದೋಣಿಯವರು ಸ್ವಲ್ಪ ಹೆದರುತ್ತಾರೆ. ಹೆಚ್ಚು ಅನ್ನಿಸಿದರೆ ಇಳಿದು ದುಡ್ಡು ವಾಪಸ್ ಕೇಳಿ. ಕೊಡಲಿಕ್ಕಿಲ್ಲ. ಆ ಎರಡು ನಂಬರುಗಳನ್ನು ಬರೆದುಕೊಳ್ಳಲು ಕಾಗದ ಹುಡುಕಬೇಕಿಲ್ಲ, ಟಿಕೆಟ್ಟಿನ ಹಿಂಬದಿಯಲ್ಲಿ 'ಯಾವುದೇ ಅವಘಡಕ್ಕೆ ಆಡಳಿತ ಜವಾಬ್ದಾರಿಯಲ್ಲ' ಎಂಬ ಸಾಲಿನ ಕೆಳಗೆ ಸಾಕಷ್ಟು ಜಾಗ ಬಿಟ್ಟಿರುತ್ತಾರೆ.